ಅತ್ತೆಯ ಗಡಿಗೆ, ಮಾವನ ಮೆಣಸಿನಕಾಯಿ

ನಮ್ಮ ಮಾವನವರಿಗೆ ಖಾರ ಎಂಬುದು ನಾಲಿಗೆಯ ವಿಷಯವಾಗಿರಲಿಲ್ಲ, ಮಾನದ ವಿಷಯವಾಗಿತ್ತು. ಊಟಕ್ಕೆ ಕೂತಾಗ ತಟ್ಟೆಯ ಪಕ್ಕದಲ್ಲಿ ಹಸಿ ಮೆಣಸಿನಕಾಯಿ ಇರಬೇಕು, ಅದನ್ನು ಅವರು ಕಡಿಯಬೇಕು, ಕಡಿದು ಎದುರಿಗಿದ್ದವರ ಮುಖ ನೋಡಬೇಕು. ಎದುರಿಗೆ ಯಾರೂ ಇಲ್ಲದಿದ್ದರೆ ಬಡಿಸುವ ನನ್ನ ಮುಖವನ್ನಾದರೂ ನೋಡುತ್ತಿದ್ದರು. ಬಳ್ಳಾರಿಯಿಂದ ಆದವಾನಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ನಾನು ಹೌದೆನ್ನುವಂತೆ ಕಣ್ಣರಳಿಸುತ್ತಿದ್ದೆ. ಆಮೇಲಾಮೇಲೆ ಸಾರು ಬಡಿಸಿ ಒಳಗೆ ಹೋಗಿಬಿಡುತ್ತಿದ್ದೆ. ಬ್ಯಾಡಗಿ ಮೆಣಸಿನಕಾಯಿಯ ಮಾತು ಬಂದರೆ ಸಾಕು, "ಅದು ಬಣ್ಣಕ್ಕ ಹಾಕೋದು, ಹೆಣ್ಣಮಕ್ಕಳ ಕುಂಕುಮ ಇದ್ದಂಗ" ಎಂದು ಮೂಗು ಮುರಿಯುತ್ತಿದ್ದರು. ಹತ್ತಿಯ ಮೂಟೆ ಕಟ್ಟುವ ಪ್ರೆಸ್ಸಿನಲ್ಲಿ ಗುಮಾಸ್ತರಾಗಿದ್ದು ಆಗಷ್ಟೇ ಕೆಲಸ ಬಿಟ್ಟು ಮನೆ ಸೇರಿದ್ದರು. ಅಷ್ಟು ವರ್ಷ ಕೂಲಿಯವರ ಮೇಲೆ ಹುಕುಂ ಮಾಡಿದವರಿಗೆ ಈಗ ಹುಕುಂ ಮಾಡಲು ಅತ್ತೆ, ನಾನು ಮತ್ತು ಒಂದು ಎಮ್ಮೆ ಉಳಿದಿದ್ದೆವು. ಮೂವರಲ್ಲಿ ಎಮ್ಮೆ ಮಾತ್ರ ಕೇಳುತ್ತಿರಲಿಲ್ಲ. ನನ್ನ ಗಂಡ ಅದೇ ಪ್ರೆಸ್ಸಿಗೆ ಹೋಗುತ್ತಿದ್ದರು. ಈ ಬರಹದಲ್ಲಿ ಅವರು ಹೆಚ್ಚು ಬರುವುದಿಲ್ಲ, ಮನೆಯಲ್ಲೂ ಹೆಚ್ಚು ಇರುತ್ತಿರಲಿಲ್ಲ.

ಅತ್ತೆಯದು ಬೇರೆ ಲೋಕ. ಮನೆಯಲ್ಲಿ ಆಕೆ ಬಾಯಿ ತೆರೆದರೆ ಮಾವ "ನಿನಗೇನ ತಿಳೀತೈತಿ, ಸುಮ್ಮನಿರು" ಎನ್ನುತ್ತಿದ್ದರು. ಬೇಳೆ ಬೇಯುತ್ತಿಲ್ಲ ಎಂದರೂ ಅದೇ ಉತ್ತರ, ಮಗನ ಮದುವೆಯ ಮಾತಿಗೂ ಅದೇ ಉತ್ತರ. ಆದರೆ ಓಣಿಯಲ್ಲಿ ಯಾರ ಮನೆಯ ಮಗು ಹಾಲು ಬಿಟ್ಟರೂ, ಯಾರ ಎಮ್ಮೆ ಒದ್ದರೂ, ಯಾರ ಹೊಸ ಸೀರೆಗೆ ಕಿಡಿ ತಗುಲಿದರೂ ದೃಷ್ಟಿ ತೆಗೆಯಲು ನಮ್ಮ ಅತ್ತೆಯನ್ನೇ ಕರೆಯಬೇಕು. ಎದುರುಮನೆಯ ಹತ್ತಿ ದಲಾಲಿ ಅಂಥಿಂಥವನಲ್ಲ; ಮಾರ್ಕೆಟ್ಟಿನಲ್ಲಿ ಆತನಿಗೆ ಎದ್ದು ನಿಲ್ಲದವರಿರಲಿಲ್ಲ. ಆತನೂ ಅತ್ತೆಯ ಮುಂದೆ ರುಮಾಲು ತೆಗೆದು ತಲೆ ಬಗ್ಗಿಸಿ ಕೂರುತ್ತಿದ್ದ. ಆಕೆ ಅದಕ್ಕೆ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಆಕೆಯ ಮಾತಿಗೆ ಬೆಲೆ ಇದ್ದದ್ದು ಇಡೀ ಭೂಮಿಯ ಮೇಲೆ ಅದೊಂದೇ ಜಾಗದಲ್ಲಿ, ಮತ್ತು ಅದು ಆಕೆಗೆ ಚೆನ್ನಾಗಿ ಗೊತ್ತಿತ್ತು.

ಪದ್ಧತಿ ಎಲ್ಲರಿಗೂ ತಿಳಿದದ್ದೇ. ಮುಷ್ಟಿಯಲ್ಲಿ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಹಿಡಿದು ಎದುರಿಗೆ ಕೂತವರಿಗೆ ನಿವಾಳಿಸಿ ಕೆಂಡಕ್ಕೆ ಹಾಕುವುದು. ಘಾಟು ಬಂದರೆ ದೃಷ್ಟಿ ಆಗಿರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ಆಗಿತ್ತು, ಈಗ ಹೋಯಿತು. ನಮ್ಮ ಅತ್ತೆ ತಾನಾಗಿ ತೀರ್ಪು ಕೊಡುತ್ತಿರಲಿಲ್ಲ. "ಘಾಟು ಬಂತಾ?" ಎಂದು ಕೂತವರನ್ನೇ ಕೇಳುತ್ತಿದ್ದಳು. ಅವರು "ಇಲ್ಲ" ಎಂದ ಮೇಲೆ, "ಹಂಗಾದ್ರ ಆಗಿತ್ತು" ಎನ್ನುತ್ತಿದ್ದಳು. ನಾನು ಆ ಮನೆಗೆ ಬಂದಮೇಲೆ ಒಬ್ಬರೇ ಒಬ್ಬರು ಘಾಟು ಬಂತು ಎಂದದ್ದನ್ನು ಕೇಳಿರಲಿಲ್ಲ. ಓಣಿಯ ಎಲ್ಲರಿಗೂ ಸದಾ ದೃಷ್ಟಿ. ಹರಿದ ಅಂಗಿ ತೊಟ್ಟು ಬರುತ್ತಿದ್ದ ನೀರಿನವನಿಗೂ ದೃಷ್ಟಿ ಆಗಿತ್ತು. ಅವನ ಯಾವುದನ್ನು ನೋಡಿ ಯಾರು ಹೊಟ್ಟೆ ಉರಿದುಕೊಂಡರೋ ಗೊತ್ತಿಲ್ಲ, ಆದರೆ ಅವನು ಎದೆ ಉಬ್ಬಿಸಿಕೊಂಡು ಮನೆಗೆ ಹೋದ.

ಅತ್ತೆಯ ಮೆಣಸಿನಕಾಯಿಗೆಂದೇ ಬೇರೆ ಗಡಿಗೆ ಇತ್ತು. ಅಡಿಗೆಮನೆಯ ಮೂಲೆಯ ಕತ್ತಲಲ್ಲಿ ಇಟ್ಟು, ಬಾಯಿಗೆ ಬಟ್ಟೆ ಕಟ್ಟಿ, ನಾನು ಕೂಡ ಮುಟ್ಟದಂತೆ ಕಾಯುತ್ತಿದ್ದಳು. ಒಮ್ಮೆ ಇಣುಕಿದ್ದೆ. ಯಾವ ಕಾಲದವೋ ಏನೋ, ಬಣ್ಣ ಹೋಗಿ, ಬೀಜ ಉದುರಿ, ಬರೀ ಸಿಪ್ಪೆಯಾಗಿದ್ದವು. ಅವಕ್ಕೆ ಘಾಟು ಎಲ್ಲಿಂದ ಬರಬೇಕು? ಅತ್ತೆ ಜಾಣೆ ಎಂದುಕೊಂಡೆ. ಮನಸ್ಸಿನಲ್ಲೇ ನಕ್ಕೆ, ಸ್ವಲ್ಪ ಗೌರವವೂ ಹೆಚ್ಚಾಯಿತು.

ಆ ಬೇಸಿಗೆಯಲ್ಲಿ ನನ್ನ ಮೈದುನ ಮಿಲಿಟರಿಯಿಂದ ರಜೆಗೆ ಬಂದ. ಅಸ್ಸಾಮಿನ ಕಡೆ ಇದ್ದ. ಊಟಕ್ಕೆ ಕೂತಾಗ ಮಾವ ಎಂದಿನಂತೆ ಮೆಣಸಿನಕಾಯಿ ಕಡಿದು ಮಗನ ಮುಖ ನೋಡಿದರು. ಮಗ ನಕ್ಕುಬಿಟ್ಟ.

"ಅಪ್ಪಾ, ಅಲ್ಲಿ ಒಂದು ಕಾಯಿ ಐತಿ. ಒಂದು ಹಾಕಿದ್ರ ನಮ್ಮ ಕಂಪನಿಗೆಲ್ಲಾ ಸಾಕಾಗ್ತೈತಿ. ಆನಿ ಬರಬಾರದು ಅಂತ ಅದನ್ನ ಅರೆದು ಬೇಲಿಗೆ ಹಚ್ತಾರ."

"ಆನಿಗೇನ ಗೊತ್ತು ಖಾರ," ಎಂದರು ಮಾವ. "ನಮ್ಮ ಕಡಿ ಎಮ್ಮಿನ್ನ ಕಳಸು, ಬೇಲಿ ಸಮೇತ ತಿಂದು ಬರ್ತೈತಿ."

ಮಗ ಪೆಟ್ಟಿಗೆಯಿಂದ ಕಾಗದದ ಪೊಟ್ಟಣ ತೆಗೆದು ಮುಂದಿಟ್ಟ. ಒಳಗೆ ಚಪ್ಪಟೆ ಬೀಜಗಳು. ನಮ್ಮ ಬೀಜಕ್ಕೂ ಅದಕ್ಕೂ ನೋಡಲು ಏನೂ ಭೇದವಿರಲಿಲ್ಲ. ಮಾವ ಪೊಟ್ಟಣವನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಆ ಕ್ಷಣದಿಂದ ಅಸ್ಸಾಮಿಗೂ ನಮ್ಮ ಮನೆಗೂ ಜಗಳ ಶುರುವಾಯಿತು.

ಸೀಮೆಎಣ್ಣೆ ಡಬ್ಬಿ ಕತ್ತರಿಸಿ ಮಣ್ಣು ತುಂಬಿ ಬೀಜ ಊರಿದರು. ನಮ್ಮ ಮೆಣಸಿನಕಾಯಿ ವಾರ, ಹೆಚ್ಚೆಂದರೆ ಹತ್ತು ದಿನದಲ್ಲಿ ಮೊಳೆಯುತ್ತದೆ. ಇದು ಅಳ್ಳಾಡಲಿಲ್ಲ. ಮಾವ ದಿನವೂ ಡಬ್ಬಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಮಣ್ಣನ್ನು ದಿಟ್ಟಿಸುತ್ತಿದ್ದರು, ಪ್ರೆಸ್ಸಿಗೆ ತಡವಾಗಿ ಬಂದ ಕೂಲಿಯವನನ್ನು ನೋಡಿದ ಹಾಗೆ. ಕಡೆಗೊಮ್ಮೆ, ಎಲ್ಲರೂ ಮರೆತ ಮೇಲೆ, ಒಂದೇ ಒಂದು ಮೊಳಕೆ ತಲೆ ಎತ್ತಿತು. ಆ ದಿನ ಮಾವ ಮಂಡಕ್ಕಿ ತಂದು ಓಣಿಗೆಲ್ಲ ಹಂಚಿದರು. ನನಗೆ ಮಗಳು ಹುಟ್ಟಿದಾಗ ಬೆಲ್ಲದ ತುಣುಕು ಹಂಚಿದ್ದರು, ಅದೂ ಅತ್ತೆ ನೆನಪಿಸಿದ ಮೇಲೆ.

ಆರೈಕೆಯ ವಿಷಯ ಹೇಳಿದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಅಸ್ಸಾಮಿನಲ್ಲಿ ಸದಾ ಮಳೆಯಂತೆ. ಆದ್ದರಿಂದ ಗಿಡಕ್ಕೆ ತಾನು ಆದವಾನಿಯಲ್ಲಿದ್ದೇನೆ ಎಂದು ತಿಳಿಯಬಾರದು. ನಾನು ಬೆಳಿಗ್ಗೆ ಸಂಜೆ ಜರಡಿಯಲ್ಲಿ ನೀರು ಹಾಕಿ ಅದರ ಮೇಲೆ ಮಳೆ ಸುರಿಸಬೇಕು. ಬಿಸಿಲೇರಿದರೆ ಗೋಣಿಚೀಲ ತೋಯಿಸಿ ಸುತ್ತ ಕಟ್ಟಬೇಕು. ಕುಡಿಯುವ ನೀರಿಗೆ ನಾವು ಕೊಡ ಹಿಡಿದು ಓಣಿಯ ಕೊನೆಗೆ ಹೋಗುತ್ತಿದ್ದ ಕಾಲ ಅದು. ಸುಳಿ ಮುರುಟಿಕೊಂಡಾಗ ಹೊಗೆಸೊಪ್ಪು ಕುದಿಸಿದ ನೀರು, ಆಮೇಲೆ ಬೂದಿ, ಆಮೇಲೆ ಮಜ್ಜಿಗೆ. ಅತ್ತೆ ಹಿತ್ತಿಲ ಬಾಗಿಲಲ್ಲಿ ನಿಂತು ನೋಡಿ, "ನನಗ ಜ್ವರ ಬಂದಾಗ ಇಷ್ಟು ಸಲ ಮೈ ಮುಟ್ಟಿ ನೋಡಿದ್ರ ನಾ ಬ್ಯಾಗ ಏಳತಿದ್ದೆ" ಎಂದು ನನಗೆ ಮಾತ್ರ ಕೇಳುವಂತೆ ಹೇಳಿದಳು.

ಅತ್ತೆಯ ಕೆಲಸವನ್ನು "ಹೆಂಗಸರ ಹುಚ್ಚು" ಎಂದು ಸದಾ ಹಂಗಿಸುತ್ತಿದ್ದ ಮಾವ ಒಂದು ದಿನ ಗಿಡದ ಪಕ್ಕ ಕೋಲು ನೆಟ್ಟು ಅದಕ್ಕೆ ತಮ್ಮ ಹಳೆಯ ಚಪ್ಪಲಿ ತೂಗುಹಾಕಿದ್ದರು. ಯಾಕೆ ಮಾವಾ ಎಂದು ಕೇಳಿದೆ. "ಕಾಗಿ ಬರ್ತಾವು" ಎಂದರು. ಕಾಗೆಯನ್ನು ಹೆದರಿಸಲು ಎರಡೂ ಚಪ್ಪಲಿ ಏಕೆ ಬೇಕಿತ್ತೋ ನಾನು ಕೇಳಲಿಲ್ಲ.

ಗಿಡ ಹೂ ಬಿಡುವ ಹೊತ್ತಿಗೆ ರಾಜ್ಯವೇ ಬದಲಾಯಿತು. ಬೀಜ ಊರಿದಾಗ ನಾವು ಬಳ್ಳಾರಿ ಜಿಲ್ಲೆಯವರು, ಮದ್ರಾಸಿನ ಪ್ರಜೆಗಳು. ಕಾಯಿ ಕಚ್ಚುವಾಗ ಕರ್ನೂಲು ಜಿಲ್ಲೆಯವರು, ಆಂಧ್ರದವರು. ನನ್ನ ತವರು ಮೈಸೂರಿಗೆ ಹೋಯಿತು. ಗಿಡ ಮಾತ್ರ ಇದ್ದಲ್ಲೇ ಇತ್ತು, ತಾನು ಅಸ್ಸಾಮಿನಲ್ಲಿದ್ದೇನೆ ಎಂದುಕೊಂಡು. ನಮ್ಮ ಮನೆ ಮುಂದಿನ ಕಟ್ಟೆಯ ಮೇಲೆ ಗಂಡಸರು ಯಾವ ತಾಲೂಕು ಯಾರಿಗೆ ಸೇರಬೇಕಿತ್ತು ಎಂದು ವಾದಿಸುತ್ತಿದ್ದರೆ ಮಾವ ನಡುವೆ ಬಾಯಿ ಹಾಕಿ, "ಮೂರು ಕಾಯಿ ಬಿಟ್ಟೈತಿ" ಎನ್ನುತ್ತಿದ್ದರು.

ಕಾರ್ತಿಕ ಮುಗಿಯುವಾಗ ಕಾಯಿ ಕೆಂಪಾದವು. ಗಿಡದ ತುಂಬ. ಗಿಡ್ಡಗೆ, ಸುಕ್ಕುಸುಕ್ಕಾಗಿ, ತುದಿ ಚೂಪಾಗಿ, ನೋಡಿದರೆ ಮುಟ್ಟುವ ಮನಸ್ಸಾಗದಂಥವು. ಮಾವ ಓಣಿಯ ಗಂಡಸರನ್ನೆಲ್ಲ ಕಟ್ಟೆಗೆ ಕರೆದರು. ದಲಾಲಿಯೂ ಬಂದ. ತಟ್ಟೆಯಲ್ಲಿ ಜೋಳದ ರೊಟ್ಟಿ, ಮೇಲೊಂದು ಕಾಯಿ. ನಾನು, ಅತ್ತೆ ಬಾಗಿಲ ಮರೆಯಲ್ಲಿ ನಿಂತಿದ್ದೆವು.

ಮಾವ ಅರ್ಧ ಕಾಯಿ ಕಡಿದರು. ಅಗಿದರು. ಎಲ್ಲರ ಮುಖ ನೋಡಿದರು. ಮೊದಲು ಕಿವಿ ಕೆಂಪಾಯಿತು, ಆಮೇಲೆ ಬೋಳುತಲೆಯ ಮೇಲೆ ಬೆವರು ಕಾಣಿಸಿತು, ಆಮೇಲೆ ಎರಡೂ ಕಣ್ಣಿನಿಂದ ನೀರು ಇಳಿಯತೊಡಗಿತು. ಅವರು ಒರೆಸಿಕೊಳ್ಳಲಿಲ್ಲ. ಬಾಯಲ್ಲಿದ್ದದ್ದನ್ನು ನುಂಗಿ, "ಸಪ್ಪಗೈತಿ" ಎಂದರು.

ಅಷ್ಟೇ. ಇನ್ನು ಯಾರು ತಾನೇ ಖಾರ ಎನ್ನಬಹುದು? ದಲಾಲಿ ಉಗುರಿನಷ್ಟು ತಿಂದು, ರುಮಾಲಿನ ತುದಿಯಲ್ಲಿ ಮೂಗು ಹಿಡಿದುಕೊಂಡು, "ಹೌದ್ರೀ, ಏನೂ ಇಲ್ಲ" ಎಂದ. ಪಕ್ಕದ ಮನೆಯ ಮಾಸ್ತರರು "ಸ್ವಲ್ಪ ಸಿಹಿ ಐತಿ" ಎಂದವರು ಎದ್ದು ಹೋಗಿ ನಮ್ಮ ಎಮ್ಮೆಯ ಬಾನಿಯಲ್ಲಿ ಬಾಯಿ ಇಟ್ಟರು. ಒಬ್ಬೊಬ್ಬರಾಗಿ ಸಪ್ಪಗಿದೆ ಎಂದು ಸಾರಿ, ಒಬ್ಬೊಬ್ಬರಾಗಿ ಕೆಲಸ ನೆನಪಾಗಿ ಮನೆಗೆ ಓಡಿದರು. ಒಳಗೆ ನಾನು, ಅತ್ತೆ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆವು; ನಾವಿಬ್ಬರೂ ಒಟ್ಟಿಗೆ ಅಷ್ಟು ನಕ್ಕದ್ದು ಅದೇ ಮೊದಲು.

ಸಪ್ಪೆ ಕಾಯಿಯನ್ನು ಆಮೇಲೆ ಯಾರೂ ಕೇಳಲಿಲ್ಲ. ಮಾವ ಕೂಡ ತಟ್ಟೆಯ ಪಕ್ಕಕ್ಕೆ ಮತ್ತೆ ನಮ್ಮ ಹಳೆಯ ಹಸಿಮೆಣಸಿನಕಾಯಿಗೇ ಬಂದರು. ಮಾಳಿಗೆಯ ಮೇಲೆ ಒಣಗಿದ ಕಾಯಿಗಳು ಒಂದು ಮೊರದಷ್ಟಾದವು. ಸಾರಿಗೆ ಹಾಕುವಂತಿಲ್ಲ, ಚೆಲ್ಲಲು ಮನಸ್ಸಿಲ್ಲ. ಅದನ್ನು ಅವರು ಏನು ಮಾಡಿದರು ಎಂಬುದು ನಮಗೆ ತಿಳಿದದ್ದು ಆಮೇಲೆ. ನಾವು ಹೆಂಗಸರು ಒಂದು ದಿನ ಸೀಮಂತಕ್ಕೆಂದು ಹೋಗಿದ್ದಾಗ ಅವರು ಅಡಿಗೆಮನೆ ಹೊಕ್ಕು, ಅತ್ತೆಯ ಗಡಿಗೆ ಬಿಚ್ಚಿ, ಒಳಗಿನ ಹಳೆಯ ಸಿಪ್ಪೆ ನೋಡಿ ಅಸಹ್ಯಪಟ್ಟು, ಅದನ್ನೆಲ್ಲ ತಿಪ್ಪೆಗೆ ಚೆಲ್ಲಿ, ಗಡಿಗೆ ತೊಳೆದು ಒಣಗಿಸಿ, ತಮ್ಮ ಕಾಯಿ ತುಂಬಿ, ಮೊದಲಿದ್ದಂತೆ ಬಟ್ಟೆ ಕಟ್ಟಿಟ್ಟಿದ್ದರು. ಹೆಂಡತಿಗೆ ಉಪಕಾರ ಮಾಡಿದೆ ಎಂದುಕೊಂಡಿದ್ದರು. ಆಕೆಗೆ ಹೇಳಿ ಮಾಡುವುದು ಅವರ ಸ್ವಭಾವದಲ್ಲೇ ಇರಲಿಲ್ಲ.

ಅದಾದ ಎರಡೇ ದಿನಕ್ಕೆ, ಮಾಘದಲ್ಲಿ, ದಲಾಲಿಯ ಮಗನ ಮದುವೆಯಾಯಿತು. ಹೊಸ ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ಸಂಜೆ ಓಣಿ ತುಂಬ ಜನ. ಒಳಗೆ ಕಾಲಿಡುವ ಮುಂಚೆ ಗಂಡುಹೆಣ್ಣಿಗೆ ದೃಷ್ಟಿ ತೆಗೆಯಬೇಕು. ಅತ್ತೆ ಇಳಕಲ್ ಸೀರೆಯುಟ್ಟು ಹೊರಟಳು. ಕಣ್ಣಿಗೆ ಆಗಲೇ ಪೊರೆ ಬರತೊಡಗಿತ್ತು. ಮೂಲೆಯ ಕತ್ತಲಲ್ಲಿ ಗಡಿಗೆಗೆ ಕೈಹಾಕಿ ಎಂದಿನಷ್ಟು ಹಿಡಿ ತುಂಬಿಕೊಂಡಳು. ಎದುರುಮನೆಯ ಹೊಸ್ತಿಲ ಮುಂದೆ ಒಡೆದ ಗಡಿಗೆಯ ತಳದಲ್ಲಿ ಕೆಂಡ ತುಂಬಿಟ್ಟಿದ್ದರು. ಅತ್ತೆ ನಿವಾಳಿಸಿ, ಬಗ್ಗಿ, ಕೆಂಡಕ್ಕೆ ಹಾಕಿದಳು.

ಮುಂದಿನದನ್ನು ಹೇಗೆ ಹೇಳಲಿ. ಮದುಮಗ ಕೆಮ್ಮುತ್ತ ಮನೆಯೊಳಗೆ ಓಡಿದ, ಮದುಮಗಳು ಬಾಸಿಂಗ ಕಿತ್ತು ಬೀದಿಗೆ ಓಡಿದಳು. ವಾಲಗದವನ ಉಸಿರು ಕಟ್ಟಿತು. ಮುದುಕರು, ಮಕ್ಕಳು, ಊಟಕ್ಕೆಂದು ಬಂದ ಬೀಗರು, ಕಂಡಕಂಡ ಕಡೆ ನುಗ್ಗಿದರು. ಓಣಿಯ ನಾಯಿಗಳು ಕೂಡ ಸೀನುತ್ತಿದ್ದವು. ಹೊಗೆ ಸ್ವಲ್ಪ ತಿಳಿಯಾದಾಗ ಹೊಸ್ತಿಲ ಮುಂದೆ ಉಳಿದವರು ಇಬ್ಬರೇ: ಅತ್ತೆ ಮತ್ತು ದಲಾಲಿಯ ಹೆಂಡತಿ. ಈಕೆ ಎಮ್ಮಿಗನೂರು ಕಡೆಯಾಕೆ, ಅರ್ಧ ಮಾತು ತೆಲುಗಿನದು.

"ಏಮಕ್ಕಾ," ಎಂದಳು ಕಣ್ಣೊರೆಸಿಕೊಳ್ಳುತ್ತ, "ಏಮಾಯ್ತು ಹೇಳು. ಮಂದಿ ಕೇಳ್ತಾರ."

ಮಂದಿ ನಿಜಕ್ಕೂ ಕೇಳುತ್ತಿದ್ದರು. ಗೋಡೆಗಳ ಹಿಂದಿನಿಂದ, ಮೂಗು ಮುಚ್ಚಿಕೊಂಡು. ಅತ್ತೆ ಒಂದು ಸುಳ್ಳು ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ದೊಡ್ಡ ದೃಷ್ಟಿ, ಸಿಡಿದು ಹೋಯಿತು ಎಂದಿದ್ದರೆ ದಲಾಲಿಯ ಹೆಂಡತಿ ಅವಳ ಕಾಲಿಗೆ ಬೀಳುತ್ತಿದ್ದಳು. ಆಕೆ ಹಾಗೆಯೇ ಹೇಳುತ್ತಾಳೆ ಎಂದುಕೊಂಡಿದ್ದೆ, ಜಾಣೆ ಅಲ್ಲವೇ.

"ಘಾಟು ಬಂತಲ್ಲವಾ," ಎಂದಳು ಅತ್ತೆ. "ದಿಷ್ಟಿ ಇರಲಿಲ್ಲ."

"ಇಷ್ಟು ಮಂದ್ಯಾಗ ಒಬ್ಬರ ಕಣ್ಣೂ ನನ್ನ ಮಗನ ಮ್ಯಾಲ ಬಿದ್ದಿಲ್ಲಾ?"

"ಇಲ್ಲ."

ದಲಾಲಿಯ ಹೆಂಡತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಷ್ಟು ಬಂಗಾರ, ಅಷ್ಟು ಊಟ, ಎರಡು ಜೊತೆ ವಾಲಗ, ಇಷ್ಟೆಲ್ಲ ಮಾಡಿಯೂ ಯಾರಿಗೂ ಹೊಟ್ಟೆಕಿಚ್ಚಾಗಲಿಲ್ಲ ಎಂದು ಬೀದಿಯಲ್ಲಿ ನಿಂತು ಹೇಳಿಸಿಕೊಂಡರೆ ಯಾವ ತಾಯಿ ಸಹಿಸುತ್ತಾಳೆ? ಪಾಪ, ನಿಜ ಹೇಳಬೇಕೆಂದರೆ ನಾವೆಲ್ಲ ಬೇಕಾದಷ್ಟು ಹೊಟ್ಟೆ ಉರಿದುಕೊಂಡಿದ್ದೆವು.

ಮನೆಗೆ ಬಂದು ಅತ್ತೆ ದೀಪ ಹಿಡಿದು ಗಡಿಗೆ ನೋಡಿದಳು. ಒಂದು ಕಾಯಿ ತೆಗೆದು ಬೆಳಕಿಗೆ ಹಿಡಿದಳು. ಮಾವ ಬಾಗಿಲಲ್ಲಿ ನಿಂತಿದ್ದರು. "ಹಳೇವು ಸತ್ತಿದ್ದವು, ಹೊಸಾವು ಹಾಕೀನಿ" ಎಂದರು. ಆಕೆ ಜಗಳವಾಡಲಿಲ್ಲ. ಕೈ ತೊಳೆಯುತ್ತ ನನ್ನನ್ನು ಕೇಳಿದಳು:

"ಹಂಗಾದ್ರ ಇಷ್ಟು ವರ್ಷ ಘಾಟು ಬರದಿದ್ದದ್ದು ಕಾಯಿ ಹಳೇವಾಗಿದ್ದಕ್ಕೇನವಾ?"

ಆಗ ನನಗೆ ತಿಳಿಯಿತು, ಆಕೆ ಜಾಣೆಯಾಗಿರಲಿಲ್ಲ, ನಂಬಿದ್ದಳು. ಆ ಗಡಿಗೆಯನ್ನು ಮುಚ್ಚಿಟ್ಟು ಕಾಯ್ದದ್ದು ಮೋಸಕ್ಕಲ್ಲ, ಮಡಿಗೆ. ನಾನು ಆಕೆಯ ಕೈಗೆ ಇನ್ನೊಂದು ತಂಬಿಗೆ ನೀರು ಸುರಿದೆ.

ಅಂದಿನಿಂದ ದೃಷ್ಟಿ ತೆಗೆಸಲು ನಮ್ಮ ಮನೆಗೆ ಯಾರೂ ಬರಲಿಲ್ಲ. ಮಗು ರಚ್ಚೆ ಹಿಡಿದರೆ ಹಿಂದಿನ ಓಣಿಯ ಇನ್ನೊಬ್ಬಳನ್ನು ಕರೆದರು. ಅವಳು ಕೇಳುವ ಮುಂಚೆಯೇ ದೃಷ್ಟಿ ಆಗಿದೆ ಎನ್ನುತ್ತಿದ್ದಳಂತೆ. ಅತ್ತೆ ಸಂಜೆ ಹೊತ್ತು ಸೀರೆ ಬದಲಿಸಿ ಕಟ್ಟೆಯ ಬಳಿ ನಿಲ್ಲುವುದನ್ನು ಬಿಟ್ಟಳು. ದಲಾಲಿಯ ಹೆಂಡತಿ ನಮಗೆ ಎದುರಾದರೆ ಸೆರಗು ಮುಂದೆಳೆದುಕೊಂಡು ಹೋಗುತ್ತಿದ್ದಳು. ಮನೆಯಲ್ಲಿ ಮೊದಲೇ ಮಾತಿರಲಿಲ್ಲ, ಈಗ ಹೊರಗೂ ಇಲ್ಲವಾಯಿತು. ಬೇಳೆ ಬೇಯದಿದ್ದರೂ ಆಕೆ ಹೇಳುತ್ತಿರಲಿಲ್ಲ. ಮಾವ ಊಟಕ್ಕೆ ಕೂತು, ಕಡಿಯಲು ಎತ್ತಿದ ಮೆಣಸಿನಕಾಯಿಯನ್ನು ಹಾಗೆಯೇ ತಟ್ಟೆಯ ಅಂಚಿಗೆ ಇಟ್ಟು ಏಳುವುದನ್ನು ನಾನು ನೋಡುತ್ತಿದ್ದೆ.

ಯುಗಾದಿ ಹತ್ತಿರ ಬಂದಿತ್ತು. ಒಂದು ಸಂಜೆ ಗಂಡಸರೆಲ್ಲ ಕಟ್ಟೆಯ ಮೇಲಿದ್ದರು, ದಲಾಲಿಯೂ ಇದ್ದ. ಮಾವ ಒಳಗಿನಿಂದ ಮಣೆ ತಂದು ಬೀದಿಯ ನಡುವೆ ಹಾಕಿ, ಪೂರ್ವಕ್ಕೆ ಮುಖ ಮಾಡಿ ಕೂತರು.

"ಇಲ್ಲಿ ಬಾ," ಎಂದು ಅತ್ತೆಯನ್ನು ಕರೆದರು. "ನನಗ ದಿಷ್ಟಿ ಆಗೈತಿ. ತೆಗಿ."

ಮದುವೆಯಾದಾಗಿನಿಂದ ಅವರು ಆಕೆಯ ಮುಂದೆ ಹಾಗೆ ಕೂತದ್ದಿಲ್ಲ. ಅತ್ತೆ ಬಾಗಿಲಲ್ಲೇ ನಿಂತಳು.

"ಗಡಿಗ್ಯಾಗ ನಿಮ್ಮ ಕಾಯೇ ಅದಾವು."

"ಇರಲಿ."

"ಘಾಟು ಬಂದ್ರ ಇರಲಿಲ್ಲ ಅಂತೀನಿ. ನಾ ಸುಳ್ಳು ಹೇಳಂಗಿಲ್ಲ."

"ನಿನ್ನ ಯಾರು ಸುಳ್ಳು ಹೇಳು ಅಂದ್ರು? ತೆಗಿ ಅಂದ್ರ ತೆಗಿ."

ನಾನು ಕೆಂಡ ತಂದಿಟ್ಟೆ. ಅತ್ತೆ ಅಸ್ಸಾಮಿನ ಕಾಯಿ ಹಿಡಿ ತುಂಬ ಹಿಡಿದು, ಅವರ ಬೋಳುತಲೆಯ ಸುತ್ತ ನಿವಾಳಿಸಿ, ಕೆಂಡಕ್ಕೆ ಹಾಕಿದಳು. ಹೊಗೆ ಎದ್ದಿತು. ನನ್ನ ಗಂಟಲು ಹಿಡಿಯಿತು. ಮಾವ ಅಲುಗಲಿಲ್ಲ. ಅವರ ಕಿವಿ ಕೆಂಪಾಯಿತು, ತಲೆ ಬೆವರಿತು, ಎರಡೂ ಕಣ್ಣಿನಿಂದ ನೀರು ಧಾರೆಯಾಗಿ ಇಳಿದು ಮೀಸೆಯಲ್ಲಿ ಸೇರಿತು. ಕುತ್ತಿಗೆಯ ನರ ಉಬ್ಬಿ ನಿಂತವು. ಕೆಮ್ಮು ಒಳಗೇ ಹೊರಳುವುದು ಹೊಟ್ಟೆಯ ಮೇಲೆ ಕಾಣುತ್ತಿತ್ತು.

ಅತ್ತೆ ಸೆರಗು ಮೂಗಿಗೆ ಹಿಡಿದುಕೊಂಡು ಪದ್ಧತಿಯಂತೆ ಕೇಳಿದಳು. "ಘಾಟು ಬಂತಾ?"

"ಇಲ್ಲ," ಎಂದರು ಮಾವ.

ಆಕೆ ಅವರನ್ನೇ ನೋಡಿದಳು. ಮಾವ ನಿಧಾನವಾಗಿ ಕಟ್ಟೆಯ ಕಡೆ ತಿರುಗಿದರು. "ಏನ್ರಿ, ನಿಮಗೇನರ ಘಾಟು ಬಂತೇನು?"

ಕಟ್ಟೆಯ ಮೇಲಿದ್ದವರೆಲ್ಲ ಆ ಕಾಯಿಯನ್ನು ತಿಂದು ಸಪ್ಪಗಿದೆ ಎಂದು ಊರೆಲ್ಲ ಹೇಳಿಕೊಂಡು ಬಂದವರು. ಈಗ ಅದರ ಹೊಗೆಗೆ ಕೆಮ್ಮಿದರೆ ಆ ಮಾತು ಎಲ್ಲಿಗೆ ಹೋಗಬೇಕು? ದಲಾಲಿ ರುಮಾಲಿನಲ್ಲಿ ಮುಖ ಒತ್ತಿಕೊಂಡು, "ಇಲ್ರೀ, ಎಲ್ಲೈತಿ ಘಾಟು" ಎಂದ. ಮಾಸ್ತರರು ತಲೆ ಅಲ್ಲಾಡಿಸಿದರು, ಬಾಯಿ ತೆರೆಯಲು ಧೈರ್ಯವಿರಲಿಲ್ಲ. ಉಳಿದವರೂ ಇಲ್ಲ ಇಲ್ಲ ಎಂದರು. ಅಷ್ಟು ಗಂಡಸರು ಒಂದೇ ಕಡೆ ಕೂತು ಅಷ್ಟು ಅತ್ತದ್ದನ್ನು ನಾನು ಸಾವಿನ ಮನೆಯಲ್ಲೂ ಕಂಡಿಲ್ಲ.

"ಹಂಗಾದ್ರ ಆಗಿತ್ತು," ಎಂದಳು ಅತ್ತೆ. "ಬಾಳ ಆಗಿತ್ತು ನಿಮಗ."

ಮಾವ ಎದ್ದು, ಮಣೆಯನ್ನು ಅಲ್ಲೇ ಬಿಟ್ಟು, ನೆಟ್ಟಗೆ ನಡೆದು ಮನೆ ದಾಟಿ ಹಿತ್ತಿಲಿಗೆ ಹೋದರು. ಗಿಡದ ಹಿಂದೆ ಕೂತು ಕೆಮ್ಮತೊಡಗಿದವರು ದೀಪ ಹಚ್ಚುವ ಹೊತ್ತಾದರೂ ನಿಲ್ಲಿಸಲಿಲ್ಲ. ಗಿಡ ಆ ಬೇಸಿಗೆಯಲ್ಲಿ ಒಣಗಿ ಹೋಯಿತು, ಅವರು ಬೀಜ ತೆಗೆದಿಡಲಿಲ್ಲ. ದಲಾಲಿಯ ಹೆಂಡತಿ ಮರುದಿನವೇ ಸೊಸೆಯನ್ನು ಕರೆದುಕೊಂಡು ಬಂದಳು. ಗಂಡ ಮನೆಯಲ್ಲಿ ಏನು ಹೇಳಿದ್ದನೋ, ಇಬ್ಬರೂ ಮೊದಲೇ ಮೂಗಿನಲ್ಲಿ ಹತ್ತಿ ಇಟ್ಟುಕೊಂಡಿದ್ದರು.

ಆದರೆ ಮಾವನಿಗೆ ದೃಷ್ಟಿ ತೆಗೆದ ಆ ಸಂಜೆ ಅತ್ತೆ ಒಂದು ಬಟ್ಟಲಿನಲ್ಲಿ ಬೆಲ್ಲದ ನೀರು ಕಲಸಿ ನನ್ನ ಕೈಗೆ ಕೊಟ್ಟಳು. ಹಿತ್ತಿಲಲ್ಲಿ ಕೆಮ್ಮು ಕೇಳುತ್ತಲೇ ಇತ್ತು.

"ಅವರಿಗೆ ಕೊಡು. ನಾ ಕೊಟ್ಟೆ ಅನಬ್ಯಾಡ." ನಾನು ಎರಡು ಹೆಜ್ಜೆ ಹೋಗಿದ್ದೆ, ಮತ್ತೆ ಕರೆದಳು. ಪೊರೆ ಕವಿದ ಕಣ್ಣು ಕೆಂಪಗಿದ್ದವು. "ಯವ್ವಾ, ನೀನೂ ಅಲ್ಲೇ ನಿಂತಿದ್ದಿಯಲ್ಲ. ಖರೇ ಹೇಳು, ಘಾಟು ಬಂತೇನು?"

ನನ್ನ ಗಂಟಲು ಇನ್ನೂ ಉರಿಯುತ್ತಿತ್ತು. ಬಟ್ಟಲು ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು, ಬರುತ್ತಿದ್ದ ಕೆಮ್ಮನ್ನು ನುಂಗಿ, "ಇಲ್ರಿ ಅತ್ತಿ" ಎಂದೆ.